ಇಪ್ಪತ್ತೆರಡರಲ್ಲಿ ನಿಂತುಹೋದ ಒಂದು ಮೆಷಿನ್

ಕೋರ್ಸಿನ ಮೊದಲ ದಿನ ಬೋರ್ಡಿನ ಮೇಲೆ ನಾನು ಒಂದೇ ಸಾಲು ಬರೆದೆ. ಕೊನೆಯ ಪ್ರಾಕ್ಟಿಕಲ್‌ನಲ್ಲಿ ಯಾರ ಕರ್ನಲ್ ಕ್ರ್ಯಾಶ್ ಆಗುತ್ತದೋ ಅವರು ಫೇಲ್. ಹೀಗೆ ಬರೆಯಿರಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿಗೆ ಸಾಫ್ಟ್‌ವೇರ್ ಬರೆದ ತಲೆಮಾರಿನವಳು ನಾನು. ಅಲ್ಲಿ ಕರ್ನಲ್ ಒಂದು ಸಲ ಬಿದ್ದರೆ ಒಂದು ಊರಿನ ಫೋನುಗಳೆಲ್ಲ ಸತ್ತುಹೋಗುತ್ತಿದ್ದವು. ಆ ಭಯ ಇವತ್ತಿಗೂ ಮೈಯಲ್ಲಿ ಹಾಗೇ ಇದೆ. ಅದಕ್ಕೆ ನಾನು ಡಿಸಿಪ್ಲಿನ್ ಎಂದು ಹೆಸರಿಟ್ಟುಕೊಂಡಿದ್ದೆ.

ಹಿರಿಯೂರು ದಾಟಿ ಹೈವೇ ಪಕ್ಕಕ್ಕಿರುವ ಒಂದು ಕಾಲೇಜಿನಲ್ಲಿ, ಬೇಸಿಗೆ ರಜೆಯಲ್ಲಿ, ಹಾಸ್ಟೆಲಿನಲ್ಲೇ ಉಳಿದು ಕಲಿಯುವ ಹತ್ತು ದಿನದ ಕೋರ್ಸು ಅದು. ಕಂಪ್ಯೂಟರಿನ ತೀರಾ ಒಳಗೆ ಕೂತು ಎಲ್ಲವನ್ನೂ ನಡೆಸುವ ಭಾಗವೇ ಕರ್ನಲ್. ಅದು ಹೇಗೆ ಕೆಲಸ ಮಾಡುತ್ತದೆ, ನೆಟ್‌ವರ್ಕಿನಲ್ಲಿ ಓಡಾಡುವ ಮಾಹಿತಿಯ ತುಣುಕುಗಳು, ಅಂದರೆ ಪ್ಯಾಕೆಟ್‌ಗಳು, ಅದರೊಳಗಿಂದ ಹೇಗೆ ಹಾದುಹೋಗುತ್ತವೆ ಎನ್ನುವುದು ವಿಷಯ. ಬಂದವರು ಇಪ್ಪತ್ತೆರಡು ಜನ. ಎಲ್ಲರೂ ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ ಕಡೆಯ ಕಾಲೇಜುಗಳ ಗೆಸ್ಟ್ ಲೆಕ್ಚರರ್‌ಗಳು. ಬರುವ ಶೈಕ್ಷಣಿಕ ವರ್ಷದಿಂದ ಈ ಕೋರ್ಸ್ ಪಾಸಾದವರು ಮಾತ್ರ ಈ ಪೇಪರ್ ಕಲಿಸಬೇಕೆಂದು ಆದೇಶ ಬಂದಿತ್ತು. ಗೆಸ್ಟ್ ಲೆಕ್ಚರರ್ ಅಂದರೆ ವಾರಕ್ಕೆ ಇಷ್ಟು ಗಂಟೆ ಎಂಬ ಲೆಕ್ಕದ ಮನುಷ್ಯ. ಪೇಪರ್ ಹೋದರೆ ಗಂಟೆ ಹೋಯಿತು, ಗಂಟೆ ಹೋದರೆ ಕೆಲಸ ಹೋಯಿತು. ಹಾಗಾಗಿ ಅವರೆಲ್ಲ ಸೂಟ್‌ಕೇಸಿನ ಜೊತೆ ಒಂದೊಂದು ಹೆದರಿಕೆಯನ್ನೂ ಹೊತ್ತು ತಂದಿದ್ದರು. ನನ್ನ ಸಾಲು ಓದಿ ಕ್ಲಾಸ್ ರೂಮು ತಣ್ಣಗಾಯಿತು. ಐ ಮಸ್ಟ್ ಕನ್ಫೆಸ್, ನನಗೆ ಅದು ಹಿಡಿಸಿತು.

ಅವರು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಬಾಗೂರು ಸಾರ್, ತಾಳ್ಯದ ಮೇಡಂ, ಹೀಗೆ. ನನಗೂ ಅದೇ ರೂಢಿಯಾಯಿತು. ಬಾಗೂರು ಸಾರ್ ನಗಿಸುವ ಮನುಷ್ಯ. ಸಂಜೆ ಮೆಸ್ಸಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಕೊಟ್ಟರೆ ಮೊದಲು ಎದ್ದು ಬಡಿಸುವವರು ಅವರೇ. ತಾಳ್ಯದ ಮೇಡಂ ಹೊಳಲ್ಕೆರೆಯ ಕಾಲೇಜಿನಲ್ಲಿ ಒಂಬತ್ತು ವರ್ಷದಿಂದ ಗೆಸ್ಟ್. ದಿನಾ ತಾಳ್ಯದಿಂದ ಬಸ್ಸಿನಲ್ಲಿ ಓಡಾಡುವಾಕೆ. ನಿಧಾನದ ಮಾತು. ಇಂಗ್ಲಿಷ್ ಬಾಯಿಗೆ ಬರುವುದಕ್ಕೆ ಹೆದರಿಕೆ. ಎರಡನೇ ದಿನವೇ ಆಕೆಯ ಉಚ್ಚಾರಣೆಯನ್ನು ಎಲ್ಲರೆದುರು ತಿದ್ದಿದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮ್ಮನ್ನು ತಿದ್ದುತ್ತಿದ್ದದ್ದೂ ಹಾಗೇ. ಅಂಥ ತಿದ್ದುವಿಕೆಯನ್ನು ಪ್ರೀತಿ ಎಂದು ನಂಬಿ ಬೆಳೆದವರು ನಾವು.

ಮೊದಲ ನಾಲ್ಕು ದಿನ ಪರದಾಟವೇ. ಲ್ಯಾಬಿನ ಕಂಪ್ಯೂಟರುಗಳು ಹಳೆಯವು. ಒಂದೊಂದರೊಳಗೂ ಕಂಪ್ಯೂಟರಿನ ಹಾಗೇ ನಡೆಯುವ ಒಂದು ವರ್ಚುವಲ್ ಮೆಷಿನ್ ಹಾಕಿ, ಬಿದ್ದರೆ ಅದೊಂದೇ ಬೀಳಲಿ ಎಂದು ವ್ಯವಸ್ಥೆ ಮಾಡಿದ್ದೆ. ಅದು ಏಳುವುದಕ್ಕೇ ಹತ್ತು ನಿಮಿಷ. ಕರೆಂಟು ಹೋದರೆ ಯುಪಿಎಸ್ಸು ಕೂಗಿಕೊಂಡು ಐದು ನಿಮಿಷ ಹಿಡಿದು ಕೈಚೆಲ್ಲುತ್ತಿತ್ತು. ಕರ್ನಲ್ಲಿಗೆ ಒಂದು ಪುಟ್ಟ ಮಾಡ್ಯೂಲ್ ಸೇರಿಸುವುದು, ತೆಗೆಯುವುದು, ಅದು ಒಳಗಿಂದ ಬರೆದ ಲಾಗ್ ಓದುವುದು, ಇಷ್ಟಕ್ಕೆ ಮೂರು ದಿನ ಹಿಡಿಯಿತು. ಒಬ್ಬರ ಮೆಷಿನ್ ಲಾಕ್ ಆದರೆ ಆ ಸಾಲಿನವರೆಲ್ಲ ಕುರ್ಚಿ ಹಿಂದಕ್ಕೆ ಸರಿಸಿ ಕೂರುತ್ತಿದ್ದರು, ಅಂಟುಜಾಡ್ಯ ಬಂದವರನ್ನು ಕಂಡ ಹಾಗೆ.

ಆಗಲೇ ಬಾಗೂರು ಸಾರ್ ನನಗೆ ಇಲ್ಲಿಯ ಒಂದು ಪದ್ಧತಿ ಹೇಳಿಕೊಟ್ಟರು. ಈ ಕಡೆಯ ಲ್ಯಾಬುಗಳಲ್ಲಿ ಪ್ರೋಗ್ರಾಂ ಒಂದು ಸಲ ಔಟ್‌ಪುಟ್ ಕೊಟ್ಟಿತೋ, ಅಲ್ಲಿಗೆ ಮುಗಿಯಿತು. ಪ್ರಿಂಟ್ ತೆಗೆದು ರೆಕಾರ್ಡ್ ಪುಸ್ತಕಕ್ಕೆ ಅಂಟಿಸಬೇಕು, ಸಹಿ ಹಾಕಿಸಬೇಕು. ಎರಡನೇ ಸಲ ಓಡಿಸಿ ನೋಡುವುದು ಅಂದರೆ ಪಾಸಾದ ಹುಡುಗ ಮತ್ತೆ ಹೋಗಿ ಪರೀಕ್ಷೆಗೆ ಕೂತ ಹಾಗೆ.

“ಔಟ್‌ಪುಟ್ ಬಂದ ಮೇಲೆ ಅದ್ರ ಮೈ ಮುಟ್ಬಾರ್ದು ಮೇಡಂ,” ಅಂದರು. “ಮಲಗಿರೋ ಕೂಸನ್ನ ಯಾರಾದ್ರೂ ಎಬ್ಬಿಸ್ತಾರೇನ್ರಿ?”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಐದನೇ ದಿನ ನಾನು ಏಳು ಪುಟದ ಒಂದು ಹ್ಯಾಂಡ್‌ಔಟ್ ಹಂಚಿದೆ. ಒಂದು ನೆಟ್‌ವರ್ಕ್ ಡ್ರೈವರಿನ ಅಸ್ಥಿಪಂಜರ. ಕರ್ನಲ್ ಮೇಲಿನಿಂದ ಪ್ಯಾಕೆಟ್ ಕೊಡುತ್ತದೆ, ಡ್ರೈವರ್ ಅದನ್ನು ತೆಗೆದುಕೊಂಡು ಹೊರಗೆ ಕಳಿಸುತ್ತದೆ. ನಮ್ಮದರಲ್ಲಿ ಹದಿನಾರು ಪ್ಯಾಕೆಟ್‌ಗಳಿಗೆ ಮಾತ್ರ ಜಾಗ. ಅದು ತುಂಬಿದ್ದರೆ ಡ್ರೈವರ್ ‘ಬ್ಯುಸಿ’ ಎಂದು ಉತ್ತರ ಕೊಡಬೇಕು. ಅಸ್ಥಿಪಂಜರ ನನ್ನದು, ಅದಕ್ಕೆ ಮಾಂಸ ತುಂಬಿ ಕೆಲಸ ಮಾಡುವ ಹಾಗೆ ಮಾಡುವುದು ಅವರದು. ನಾನು ಕೊಟ್ಟ ಭಾಗವನ್ನು ಯಾರೂ ಮುಟ್ಟಕೂಡದು ಎಂದು ಹೇಳಿದ್ದೆ. ಮೊದಲ ಪುಟದ ಮೇಲೆ ನನ್ನ ಹೆಸರು ದಪ್ಪ ಅಕ್ಷರದಲ್ಲಿ. ಬಹಳ ವರ್ಷಗಳ ಮೇಲೆ ನನ್ನ ಹೆಸರನ್ನು ಒಂದು ಕೋಡಿನ ನೆತ್ತಿಯ ಮೇಲೆ ನೋಡಿದ್ದೆ. ಅವತ್ತು ರೂಮಿಗೆ ಹೋಗಿ ಒಂದು ಕಾಪಿಯನ್ನು ನನಗೆಂದೇ ಎತ್ತಿಟ್ಟುಕೊಂಡೆ. ಸಿಲ್ಲಿ, ಐ ನೋ.

ಆರನೇ ದಿನ ಮಾತಿನ ಭರದಲ್ಲಿ, ಡ್ರೈವರ್ ಅಂದರೆ ಶಾಂತವಾಗಿದ್ದಾಗ ಓಡಿದರೆ ಸಾಲದು, ಲೋಡ್ ಹಾಕಿ ನೋಡಬೇಕು, ಮೈಮೇಲೆ ಪ್ಯಾಕೆಟ್ ಸುರಿದು ನೋಡಬೇಕು ಅಂದೆ. ತಾಳ್ಯದ ಮೇಡಂ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಉಳಿದವರು ಬರೆದುಕೊಂಡದ್ದು ನನಗೆ ನೆನಪಿಲ್ಲ. ಪರೀಕ್ಷೆಯ ಹಾಳೆ ತಯಾರಿಸುವಾಗ ನನಗೇ ಅದು ನೆನಪಿರಲಿಲ್ಲ. ಡ್ರೈವರ್ ಕೆಲಸ ಮಾಡುವುದನ್ನು ತೋರಿಸಿ ಎಂದಷ್ಟೇ ಬರೆದಿದ್ದೆ.

ಒಂಬತ್ತನೇ ದಿನ ಬೆಳಿಗ್ಗೆ ಪ್ರಾಕ್ಟಿಕಲ್. ಒಬ್ಬೊಬ್ಬರ ಹತ್ತಿರವೂ ಹೋಗಿ ನಿಲ್ಲುತ್ತಿದ್ದೆ. ಬಾಗೂರು ಸಾರ್ ನಾಲ್ಕು ಪ್ಯಾಕೆಟ್ ಕಳಿಸಿದರು, ನಾಲ್ಕೂ ತಿರುಗಿ ಬಂದವು, ಕೈ ಮುಗಿದು ಕೀಬೋರ್ಡಿನಿಂದ ಹಿಂದಕ್ಕೆ ಸರಿದರು. ಪಾಸ್. ಅವರ ಪಕ್ಕದವರದು ನಾಲ್ಕು, ಆಚೆಯವರದು ಐದು. ಪಾಸ್, ಪಾಸ್. ನನಗೂ ಸರಾಗವಾಗಿ ಸಾಗುತ್ತಿರುವುದು ಹಿತವಾಗಿತ್ತು.

ತಾಳ್ಯದ ಮೇಡಂ ಸರದಿ ಬಂತು. ಆಕೆಯೂ ಮೊದಲು ನಾಲ್ಕು ಪ್ಯಾಕೆಟ್ ಕಳಿಸಿದರು. ಬಂದವು. ಅಲ್ಲಿಗೆ ನಾನು ಪಾಸ್ ಎಂದು ಬರೆಯಲು ಪೆನ್ನು ಇಳಿಸಿದ್ದೆ. ಆಕೆ, ಒಂದು ನಿಮಿಷ ಮೇಡಂ, ಲೋಡ್ ಹಾಕ್ತೀನಿ, ಅಂದರು. ಮತ್ತೊಂದು ಕಮಾಂಡ್ ಹೊಡೆದರು. ಪ್ಯಾಕೆಟ್‌ಗಳು ಒಂದರ ಮೇಲೊಂದು ನುಗ್ಗಿದವು. ಮೂರು ಸೆಕೆಂಡು ಇರಬಹುದು. ಸ್ಕ್ರೀನಿನ ತುಂಬ ಅಕ್ಷರ ಸುರಿದು ಮೆಷಿನ್ ನಿಂತುಹೋಯಿತು. ಕರ್ನಲ್ ಪ್ಯಾನಿಕ್, ಅಂದರೆ ಕ್ರ್ಯಾಶ್.

ಲ್ಯಾಬಿನಲ್ಲಿ ಯಾರೋ ಲೊಚಗುಟ್ಟಿದ ಸದ್ದು. ಆಕೆ ಸ್ಕ್ರೀನ್ ನೋಡಿ, ಆಮೇಲೆ ಬೋರ್ಡ್ ನೋಡಿದರು. ನನ್ನ ಸಾಲು ಅಳಿಸದೆ ಹಾಗೇ ಇತ್ತು. ನಾನು ಫೇಲ್ ಎಂದು ಬರೆದು ಮುಂದಿನ ಮೆಷಿನ್ನಿಗೆ ಹೋದೆ.

ಮಧ್ಯಾಹ್ನ ಊಟದ ಹೊತ್ತಿಗೆ ಆಕೆ ನನ್ನ ಟೇಬಲ್ಲಿನ ಹತ್ತಿರ ಬಂದರು. ಕೈಯಲ್ಲಿ ಒಂದು ಹಾಳೆ, ಮೆಷಿನ್ ಸಾಯುವ ಮೊದಲು ಸುರಿದ ಅಕ್ಷರಗಳ ಪ್ರಿಂಟು. ನಾನು ಮುದ್ದೆ ಮುರಿಯುತ್ತಿದ್ದೆ. ಕೂರಿ ಎನ್ನಲಿಲ್ಲ.

“ಮೇಡಂ, ತಪ್ಪು ತಿಳ್ಕಬ್ಯಾಡ್ರಿ,” ಅಂದರು. “ಬಿದ್ದಿರೋದು ನೀವು ಕೊಟ್ಟ ಭಾಗದಾಗೆ ಐತೇನೋ ಅಂತ. ಜಾಗ ಇಲ್ಲದಾಗ ನಾವು ಪ್ಯಾಕೆಟ್ ಬಿಸಾಕಿ, ಆಮೇಲೆ ಬ್ಯುಸಿ ಅಂತೀವಿ. ಮೇಲ್ಗಡೆ ಕರ್ನಲ್ಲು ಅದನ್ನೇ ಮತ್ತೆ ತರಲ್ವೇನ್ರಿ?”

ಕೋರ್ಸಿನ ಹತ್ತು ದಿನದಲ್ಲಿ ಯಾರಾದರೂ ಕೇಳಿದ ಅತ್ಯುತ್ತಮ ಪ್ರಶ್ನೆ ಅದು. ಇವತ್ತು ಹೇಳುತ್ತೇನೆ. ಅವತ್ತು ನಾನು ಹೇಳಿದ್ದು ಬೇರೆ. ಅದೂ ಇಂಗ್ಲಿಷಿನಲ್ಲಿ, ಮೆಸ್ಸಿನಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ: ಫಸ್ಟ್ ಲುಕ್ ಅಟ್ ಯುವರ್ ಓನ್ ಕೋಡ್, ಮೈ ಡಿಯರ್.

ಆಕೆ ಹಾಳೆಯನ್ನು ನನ್ನ ತಟ್ಟೆಯ ಪಕ್ಕದಲ್ಲಿಟ್ಟು ಹೋದರು. ಊಟಕ್ಕೆ ಕೂರಲಿಲ್ಲ.

ಮೂರು ಗಂಟೆಗೆ ನಾನು ಪಟ್ಟಿಗೆ ಸಹಿ ಹಾಕಿದೆ. ಇಪ್ಪತ್ತೊಂದು ಪಾಸ್, ಒಂದು ಫೇಲ್. ಕೋರ್ಸಿನ ಕೋಆರ್ಡಿನೇಟರ್, ಅದೇ ಕಾಲೇಜಿನ ವಿಭಾಗದ ಮುಖ್ಯಸ್ಥರು, ಪಟ್ಟಿ ಈಸಿಕೊಂಡು ಖುಷಿಯಿಂದ ಹೋದರು. ಎಲ್ಲರೂ ಪಾಸ್ ಅಂದರೆ ಮೇಲಿನವರಿಗೆ ಅನುಮಾನ ಬರುತ್ತಿತ್ತು, ಒಂದು ಫೇಲ್ ಇದ್ದದ್ದು ಒಳ್ಳೆಯದೇ ಆಯಿತು ಎಂದರು. ನಾನು ರೂಮಿಗೆ ಬಂದು ಪುಸ್ತಕ ಕಟ್ಟಿಡುತ್ತಿದ್ದೆ. ಮೆಸ್ಸಿನಿಂದ ಬರುವಾಗ ಪುಸ್ತಕದೊಳಗೆ ತುರುಕಿಕೊಂಡಿದ್ದ ಆ ಹಾಳೆ ಜಾರಿತು. ಇಂಥ ಹಾಳೆ ಕಂಡರೆ ಓದದೆ ಇಡುವುದು ನನ್ನ ಕೈಲಾಗದು. ಹಾಸಿಗೆಯ ಮೇಲೆ ಕೂತು ಕೆಳಗಿನಿಂದ ಮೇಲಕ್ಕೆ ಓದಿದೆ, ಯಾವ ಫಂಕ್ಷನ್ ಯಾವುದನ್ನು ಕರೆಯಿತು, ಅದನ್ನು ಕರೆದವರು ಯಾರು. ನಾಲ್ಕನೇ ಹೆಸರಿಗೆ ಬರುವಷ್ಟರಲ್ಲಿ ಕಿವಿ ಬಿಸಿಯಾಯಿತು.

ವಿಷಯ ಇಷ್ಟೇ. ನಾವು ಎಕ್ಸ್‌ಚೇಂಜಿಗೆ ಬರೆದ ಹಳೆಯ ಕರ್ನಲ್ಲಿನಲ್ಲಿ ಒಂದು ಕಟ್ಟಳೆ ಇತ್ತು. ಪ್ಯಾಕೆಟ್ ಡ್ರೈವರಿನ ಕೈಗೆ ಬಂತೆಂದರೆ ಅದು ಡ್ರೈವರಿನದು. ಕಳಿಸಲಿ, ಬಿಸಾಡಲಿ, ಅವನೇ ನೋಡಿಕೊಳ್ಳಬೇಕು; ಬ್ಯುಸಿ ಎನ್ನುವುದು ಬರೀ ಲೆಕ್ಕಕ್ಕೆ. ಈಗಿನ ಕರ್ನಲ್ಲಿನಲ್ಲಿ ಹಾಗಲ್ಲ. ಬ್ಯುಸಿ ಅಂದರೆ ‘ನಾನು ಮುಟ್ಟಿಲ್ಲ, ನಿನ್ನ ಹತ್ತಿರವೇ ಇರಲಿ, ಆಮೇಲೆ ತಾ’ ಎಂದು ಅರ್ಥ. ನನ್ನ ಅಸ್ಥಿಪಂಜರ ಪ್ಯಾಕೆಟನ್ನು ಬಿಸಾಡಿ, ಆಮೇಲೆ ತಾ ಎನ್ನುತ್ತಿತ್ತು. ಮೇಲಿರುವ ಕರ್ನಲ್ ಇಲ್ಲದ ಪ್ಯಾಕೆಟನ್ನು ಎತ್ತಲು ಹೋಗಿ ಬೀಳುತ್ತಿತ್ತು. ಇಷ್ಟು ವರ್ಷ ನನ್ನ ಬೆರಳು ಪ್ಯಾಕೆಟ್ ಬಿಸಾಡುವ ಆ ಸಾಲನ್ನು ಯೋಚಿಸದೇ ಬರೆದುಕೊಂಡು ಬಂದಿತ್ತು. ಒಂದೇ ಸಾಲು. ತೆಗೆದರೆ ಮುಗಿಯಿತು.

ಲ್ಯಾಬಿಗೆ ಓಡಿದೆ. ಅಂದರೆ ನನ್ನ ಮಂಡಿ ಬಿಟ್ಟಷ್ಟು. ಬಾಗೂರು ಸಾರ್ ಮೆಷಿನ್ನಿನಲ್ಲಿ ಲೋಡ್ ಹಾಕಿದೆ, ಬಿತ್ತು. ಪಕ್ಕದ್ದು, ಬಿತ್ತು. ಆಚೆ ಸಾಲಿನದು, ಬಿತ್ತು. ಇಪ್ಪತ್ತೆರಡೂ ನನ್ನ ಮಕ್ಕಳೇ, ಎಲ್ಲಕ್ಕೂ ಒಂದೇ ರೋಗ. ತಾಳ್ಯದ ಮೇಡಂ ಕೋಡಿನಲ್ಲಿ ನನ್ನ ಆ ಸಾಲು ತೆಗೆದು ಮತ್ತೆ ಲೋಡ್ ಹಾಕಿದೆ. ಅರ್ಧ ಗಂಟೆ ಬಿಟ್ಟೆ. ಮಿಸುಕಲಿಲ್ಲ. ಬೇರೆ ನಾಲ್ವರದನ್ನು ಹಾಗೇ ತಿದ್ದಿ ಓಡಿಸಿದೆ. ಎರಡು ತಮ್ಮದೇ ತಪ್ಪಿಗೆ ಬಿದ್ದವು. ಉಳಿದವನ್ನು ನೋಡುವ ಧೈರ್ಯವಾಗಲಿಲ್ಲ.

ಕೋಆರ್ಡಿನೇಟರ್ ಚೇಂಬರಿಗೆ ಹೋದಾಗ ಸಂಜೆ ಚಹಾ ಬಂದಿತ್ತು. ನಾನು ಎಲ್ಲವನ್ನೂ ಹೇಳಿದೆ. ಅವರು ಸಜ್ಜನರು, ಪೂರ್ತಿ ಕೇಳಿದರು. ಪಟ್ಟಿ ನಾಲ್ಕು ಗಂಟೆಗೇ ಮೇಲ್‌ನಲ್ಲಿ ಹೋಗಿಯಾಗಿದೆ ಎಂದರು. ವಾಪಸ್ ತರಿಸಿ, ತಿದ್ದಿ ಕೊಡುತ್ತೇನೆ ಅಂದೆ. ಅವರು ಕಪ್ಪು ಕೆಳಗಿಟ್ಟರು.

“ಕುಂತ್ಕಳ್ರಿ ಮೇಡಂ. ನಿಮ್ಮ ರೂಲ್ ಪ್ರಕಾರ ನೋಡಿದ್ರೆ ಇಪ್ಪತ್ತೆರಡು ಜನಾನೂ ಫೇಲ್. ನಿಮ್ಮ ತಪ್ಪು ಬಿಟ್ಟು ನೋಡಿದ್ರೆ, ಇನ್ನೂ ಯಾರ್ ಯಾರದ್ದು ಬೀಳುತ್ತೋ ನಿಮ್ಗೇ ಗೊತ್ತಿಲ್ಲ. ಮತ್ತೆ ಪರೀಕ್ಷೆ ಮಾಡ್ಬೇಕು. ನಾಳೆ ಎಲ್ರೂ ಊರಿಗೆ ಹೋಗ್ತಾರೆ. ಇಪ್ಪತ್ತೊಂದು ಮನೇರ್ನ ಎಬ್ಬಿಸ್ತೀರಾ?”

ಆಕೆ ಒಬ್ಬರನ್ನಾದರೂ ಪಾಸ್ ಮಾಡಿ ಅಂದೆ. ಕಾರಣ ಬರೀಬೇಕಲ್ಲ ಮೇಡಂ, ಏನಂತ ಬರೀಲಿ, ಕಲಿಸಿದೋರದ್ದೇ ತಪ್ಪು ಅಂತಾನಾ, ಹಂಗೆ ಬರೆದ್ರೆ ಕೋರ್ಸೇ ರದ್ದಾಗುತ್ತೆ, ಅಂದರು. ಆಮೇಲೆ ಮೆತ್ತಗೆ, ಒಬ್ಬರಲ್ವೇ, ಬಿಡ್ರಿ, ಮುಂದಿನ ಬ್ಯಾಚಿಗೆ ಹಾಕ್ಕೊಳಾಣ ಎಂದರು. ಮುಂದಿನ ಬ್ಯಾಚ್ ಯಾವಾಗ ಎಂದು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ.

ನನ್ನ ಕೈಯಲ್ಲಿ ಆಗ ಒಂದು ದಾರಿ ಇತ್ತು. ಅಲ್ಲೇ ಒಂದು ಬಿಳಿ ಹಾಳೆ ಕೇಳಿ, ನನ್ನ ಸಹಿ ಹಿಂತೆಗೆದುಕೊಂಡಿದ್ದೇನೆ ಎಂದು ಬರೆದುಕೊಡುವುದು. ಕೋರ್ಸ್ ರದ್ದಾಗುತ್ತಿತ್ತು, ಇಪ್ಪತ್ತೊಂದು ಜನ ನನ್ನನ್ನು ಶಪಿಸುತ್ತಿದ್ದರು, ಆದೇಶ ಜಾರಿಯಾಗುವುದೇ ಒಂದು ವರ್ಷ ಮುಂದಕ್ಕೆ ಹೋಗುತ್ತಿತ್ತೇನೋ. ಆ ಒಂದು ವರ್ಷ ತಾಳ್ಯದ ಮೇಡಂ ಅವರಿಗೆ ಪೇಪರ್ ಉಳಿಯುತ್ತಿತ್ತು. ನಾನು ಹಾಳೆ ಕೇಳಲಿಲ್ಲ. ನಾಳೆ ಸಮಾರೋಪದಲ್ಲಿ ವೇದಿಕೆಯ ಮೇಲೇ ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ ಎಂದು ತೀರ್ಮಾನಿಸಿದೆ. ಅದು ಹೆಚ್ಚು ಆನರಬಲ್ ಎಂದು ಆಗ ಅನ್ನಿಸಿತ್ತು. ಈಗ ಅನ್ನಿಸುವುದು, ಹಾಳೆಯಾದರೆ ಏನಾದರೂ ಆಗುತ್ತಿತ್ತು, ಅದಕ್ಕೇ ಮಾತನ್ನು ಆರಿಸಿಕೊಂಡೆ ಎಂದು.

ಹತ್ತನೇ ದಿನ ಸಮಾರೋಪ. ಶಾಲು, ಹಾರ, ಹಣ್ಣಿನ ಬುಟ್ಟಿ, ಪ್ಲಾಸ್ಟಿಕ್ ಹೊದಿಸಿದ ನೆನಪಿನ ಕಾಣಿಕೆ. ನಾನು ಮೈಕ್ ಹಿಡಿದು ಸುತ್ತಿಬಳಸದೆ ಹೇಳಿದೆ. ಹ್ಯಾಂಡ್‌ಔಟಿನಲ್ಲಿದ್ದ ತಪ್ಪು ನನ್ನದು. ಎಲ್ಲರ ಡ್ರೈವರಿನಲ್ಲೂ ಅದು ಇತ್ತು. ಅದನ್ನು ಹೊರಗೆ ತಂದವರು ಒಬ್ಬರೇ, ಅವರನ್ನು ನಾನು ಫೇಲ್ ಮಾಡಿದೆ. ಅದು ಅನ್ಯಾಯ.

 ಚಪ್ಪಾಳೆ ಬಿತ್ತು. ದೊಡ್ಡ ಚಪ್ಪಾಳೆ. ಹಿಂದಿನ ಸಾಲಿನವರು ಎದ್ದು ನಿಂತು ತಟ್ಟಿದರು. ವಂದನಾರ್ಪಣೆ ಬಾಗೂರು ಸಾರ್‌ದು. ಈ ವಯಸ್ಸಿನಲ್ಲಿ, ಇಷ್ಟು ಓದಿಕೊಂಡವರು, ನಮ್ಮಂಥವರ ಮುಂದೆ ತಪ್ಪಾಯಿತು ಎನ್ನಬೇಕಾದರೆ ಅದೆಂಥ ದೊಡ್ಡಗುಣ ಎಂದು ಅವರು ಗದ್ಗದವಾಗಿ ಹೇಳಿದರು. ಅವರು ಸುಳ್ಳಾಡಲಿಲ್ಲ, ನಿಜಕ್ಕೂ ಕಣ್ಣು ಒದ್ದೆಯಾಗಿತ್ತು. ಕೋಆರ್ಡಿನೇಟರ್ ಇನ್ನೊಂದು ಹಾರ ತರಿಸಿ ಹಾಕಿದರು. ನಾನು ಹೊತ್ತುಕೊಂಡು ಹೋದ ಅಪರಾಧ ಅರ್ಧ ನಿಮಿಷದಲ್ಲಿ ನನ್ನದೇ ಸನ್ಮಾನವಾಗಿ ಕೊರಳಿಗೆ ಬಿತ್ತು. ಪಟ್ಟಿಯ ಮಾತು ಯಾರೂ ಎತ್ತಲಿಲ್ಲ. ಸರ್ಟಿಫಿಕೇಟ್ ಹಂಚಿದರು. ಇಪ್ಪತ್ತೊಂದು.

ತಾಳ್ಯದ ಮೇಡಂ ಮೂರನೇ ಸಾಲಿನಲ್ಲಿದ್ದರು. ಚಪ್ಪಾಳೆ ತಟ್ಟದಿದ್ದರೆ ಚೆನ್ನಾಗಿರುವುದಿಲ್ಲ ಎಂದೋ ಏನೋ, ಅವರೂ ತಟ್ಟಿದರು.

ಆಮೇಲೆ ನಾನು ಪತ್ರಗಳನ್ನು ಬರೆದೆ. ಕೋಆರ್ಡಿನೇಟರಿಗೆ, ಅವರ ಮೇಲಿನವರಿಗೆ, ಅವರ ಮೇಲಿನವರಿಗೆ. ಬಂದ ಒಂದೇ ಉತ್ತರದಲ್ಲಿ, ನನ್ನ ಕಳಕಳಿಯನ್ನು ಗಮನಿಸಲಾಗಿದೆ, ಪ್ರಕ್ರಿಯೆ ಮುಕ್ತಾಯಗೊಂಡಿದೆ ಎಂದಿತ್ತು. ಹೊಸ ಸೆಮಿಸ್ಟರ್ ಶುರುವಾದ ಮೇಲೆ ಒಂದು ಶಿಫಾರಸು ಪತ್ರ ಬರೆದು, ಚಿತ್ರದುರ್ಗದಿಂದ ಬಸ್ಸು ಹತ್ತಿ ಹೊಳಲ್ಕೆರೆಗೆ ನಾನೇ ಹೋದೆ. ನಾನು ಕಂಡವರಲ್ಲೆಲ್ಲ ಉತ್ತಮ ಎಂಜಿನಿಯರುಗಳಲ್ಲಿ ಈಕೆ ಒಬ್ಬರು ಎಂದು ಅದರಲ್ಲಿ ಬರೆದಿದ್ದೆ. ಅದು ನಿಜ.

ಸ್ಟಾಫ್ ರೂಮಿನಲ್ಲಿ ಮೊದಲು ಸಿಕ್ಕವರು ಬಾಗೂರು ಸಾರ್. ಆ ಪೇಪರ್ ಕಲಿಸಲು ವಾರಕ್ಕೆ ಎರಡು ದಿನ ಹೊಸದುರ್ಗದಿಂದ ಇಲ್ಲಿಗೆ ಬರುತ್ತಾರಂತೆ. ನನ್ನನ್ನು ಕಂಡು ಕಾಲಿಗೆ ಬಿದ್ದರು. ಎದ್ದವರ ಮುಖದಲ್ಲಿ ನಗು ಉಳಿಯಲಿಲ್ಲ. “ನಾನು ಕೇಳಿ ಇಸ್ಕಂಡಿದ್ದಲ್ಲ ಮೇಡಂ ಇದು. ಬಿಟ್ರೆ ನನ್ನ ಗಂಟೇನೂ ಹೋಗ್ತೈತೆ,” ಅಂದು, ತಾಳ್ಯದ ಮೇಡಂ ಲ್ಯಾಬಿನಲ್ಲಿದ್ದಾರೆ ಎಂದು ಕೈ ತೋರಿಸಿದರು. ಆಕೆಗೆ ಈಗ ಉಳಿದಿರುವುದು ಮೊದಲ ವರ್ಷದವರಿಗೆ ಟೈಪಿಂಗು, ಫೈಲ್ ತೆರೆಯುವುದು, ಮುಚ್ಚುವುದು. ಮೊದಲಿನ ಗಂಟೆಗಳಲ್ಲಿ ಅರ್ಧ.

ಪತ್ರವನ್ನು ಆಕೆ ನಿಂತುಕೊಂಡೇ ಓದಿದರು. ಮಡಿಸಿ ನನ್ನ ಕೈಗೇ ಕೊಟ್ಟರು.

“ಯಾರಿಗೆ ತೋರಿಸ್ಲಿ ಮೇಡಂ ಇದನ್ನ? ನೀವು ವೇದಿಕೆ ಮೇಲೆ ಅಷ್ಟೆಲ್ಲ ಹೇಳಿದ್ರಿ. ಅವತ್ತು ಊಟದಾಗೆ ನಾನು ಕೇಳ್ದಾಗ, ಇರು ನೋಡ್ತೀನಿ ಅಂದಿದ್ರೆ ಸಾಕಿತ್ತು.”

ಸಿಟ್ಟಿನಿಂದ ಹೇಳಿದ್ದಲ್ಲ. ಹೊತ್ತಾಯಿತು, ಬಸ್ಸು ಹೋಯಿತು ಎಂದು ಹೇಳುವ ಹಾಗೆ ಹೇಳಿದರು.  

ಟೇಬಲ್ಲಿನ ಮೇಲೆ ಹ್ಯಾಂಡ್‌ಔಟುಗಳ ಒಂದು ಕಟ್ಟು ಇತ್ತು. ಎತ್ತಿ ನೋಡಿದೆ. ನನ್ನ ಏಳು ಪುಟ. ಈಗ ಹದಿನಾಲ್ಕಾಗಿತ್ತು. ನನ್ನ ಆ ಸಾಲು ಇರಲಿಲ್ಲ. ಪ್ರತಿ ಭಾಗದ ಕೆಳಗೂ ಕನ್ನಡದಲ್ಲಿ ವಿವರಣೆ, ಎಲ್ಲಿ ಬೀಳುತ್ತದೆ, ಯಾಕೆ ಬೀಳುತ್ತದೆ, ಲೋಡ್ ಹೇಗೆ ಹಾಕಬೇಕು. ಅಷ್ಟು ಸ್ಪಷ್ಟವಾಗಿ ನಾನು ಹತ್ತು ದಿನದಲ್ಲಿ ಒಂದು ಸಲವೂ ಹೇಳಿರಲಿಲ್ಲ. ಇದನ್ನು ಬರೆದವರು ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಬಾಗೂರು ಸಾರ್ ಪಾಠಕ್ಕೆ ಇದೇ ನೋಟ್ಸು.

ಮೊದಲ ಪುಟದ ಮೇಲೆ ನನ್ನ ಹೆಸರು ದಪ್ಪ ಅಕ್ಷರದಲ್ಲಿ ಹಾಗೇ ಇತ್ತು. ಅದೊಂದೇ ಹೆಸರು.

ಇದನ್ನು ತೆಗೆದು ನಿಮ್ಮ ಹೆಸರು ಹಾಕಿಕೊಳ್ಳಿ ಅಂದೆ.  ಆಕೆ ಕಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು, ಅಂಚು ಸರಿಮಾಡಿ, ಇದ್ದಲ್ಲೇ ಇಟ್ಟರು.

“ಬರಲ್ಲ ಮೇಡಂ. ಈ ಪೇಪರಿನ ನೋಟ್ಸಿಗೆ ಕೋರ್ಸ್ ಕಲಿಸಿದೋರ ಹೆಸ್ರು, ಇಲ್ಲಾ ಸರ್ಟಿಫಿಕೇಟ್ ಇರೋರ ಹೆಸ್ರೇ ಬೇಕಂತೆ. ಬಾಗೂರು ಸಾರ್ ಅವ್ರದ್ದು ಹಾಕ್ಕಳಾಕೆ ಒಪ್ಲಿಲ್ಲ, ನನ್ದು ನಡಿಯಲ್ಲ. ಅದ್ಕೇ ನಿಮ್ದೇ ಬಿಟ್ಟೀವಿ.”

ಹೊರಗೆ ಬೆಲ್ ಹೊಡೆಯಿತು. ಮೊದಲ ವರ್ಷದ ಮಕ್ಕಳು ಒಳಗೆ ನುಗ್ಗಿ ಕುರ್ಚಿಗೆ ಜಗಳವಾಡತೊಡಗಿದರು. ಆಕೆ ಬೋರ್ಡಿನ ಕಡೆ ತಿರುಗಿ, ಫೈಲ್ ತೆರೆಯುವುದು ಹೇಗೆ ಎಂದು ಬರೆಯಲು ಶುರುಮಾಡಿದರು.